ಉಳಿದ ಆರು ನಿಮಿಷ

ಆಷಾಢ ಬಂದರೆ ನಮ್ಮ ವಾದ್ಯಗಳಿಗೆ ರಜ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಡೋಲು ಬಾರಿಸುವ ನಮ್ಮ ಹುಡುಗ ಊರಿಗೆ ಹೋಗಿ ಹೊಲ ನೋಡಿಕೊಳ್ಳುತ್ತಾನೆ. ನಾನು ಸ್ಯಾಕ್ಸಫೋನ್ ಒರೆಸಿ, ಹಳೆಯ ಪ್ಯಾಡು ಬದಲಾಯಿಸಿ, ಪೆಟ್ಟಿಗೆಯೊಳಗಿಟ್ಟು, ಕೋಲಾರದಿಂದ ಕೆಜಿಎಫ್ ಬಸ್ಸು ಹತ್ತುತ್ತೇನೆ. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಯ ಗುಜರಿ ಅಂಗಡಿಗಳನ್ನು ಒಂದೊಂದಾಗಿ ಸುತ್ತುತ್ತೇನೆ. ನಾನು ಹುಡುಕುವುದು ಜಾಝ್ ಪ್ಲೇಟು, ಅಂದರೆ ಅಮೆರಿಕದ ಜಾಝ್ ಸಂಗೀತದ ಗ್ರಾಮಫೋನ್ ತಟ್ಟೆ. ಪ್ಲಾಸ್ಟಿಕ್ಕಿನ ಎಲ್ಪಿ ಆದರೂ ಸರಿ, ಅದಕ್ಕಿಂತ ಹಳೆಯ ಅರಗಿನ ಪ್ಲೇಟು ಆದರೂ ಸರಿ.

ಓಲಗದವನಿಗೆ ಜಾಝ್ ಯಾಕಪ್ಪಾ ಅಂತ ತುಂಬಾ ಜನ ಕೇಳಿದ್ದಾರೆ. ಅದಕ್ಕೆ ಒಂದು ಕ್ಯಾಸೆಟ್ ಅಂಗಡಿಯ ಕಥೆ ಹೇಳಬೇಕು.

ಅಪ್ಪ ನಾಗಸ್ವರ ನುಡಿಸುತ್ತಿದ್ದರು. ನಾನೂ ಮೊದಲು ಅದನ್ನೇ ಹಿಡಿದೆ. ಹತ್ತನೇ ತರಗತಿಯಲ್ಲಿದ್ದಾಗ ಕದ್ರಿ ಗೋಪಾಲನಾಥರ ಸ್ಯಾಕ್ಸಫೋನ್ ಕೇಳಿದೆ. ಆಮೇಲೆ ಬೇರೆ ಏನೂ ಬೇಡವಾಯಿತು. ಕದ್ರಿಯವರೂ ನಾಗಸ್ವರದ ಮನೆಯವರೇ. ಚಿಕ್ಕಂದಿನಲ್ಲಿ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸಫೋನ್ ಕೇಳಿ ಮನಸೋತವರು. ಅಪ್ಪ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಸುಮ್ನೆ ಒಂದು ದಿನ ಬೆಂಗಳೂರಿಗೆ ಹೋಗಿ ಹಳೆಯ ಆಲ್ಟೋ ಸ್ಯಾಕ್ಸಫೋನ್ ತಂದು ಮುಂದಿಟ್ಟರು.

ಆಗ ನಮ್ಮ ಬಸ್ ನಿಲ್ದಾಣದ ಹತ್ತಿರ ಒಂದು ಕ್ಯಾಸೆಟ್ ಅಂಗಡಿ ಇತ್ತು. ಮುಂದೆ ಭಕ್ತಿಗೀತೆ, ರಾಜ್‌ಕುಮಾರ್ ಹಾಡು, ತೆಲುಗು ಸಿನಿಮಾ ಕ್ಯಾಸೆಟ್ಟು. ಹಿಂದೆ ಒಂದು ಪ್ಲೇಯರ್, ಎರಡು ಡೆಕ್ಕು, ಗೋಡೆಯುದ್ದಕ್ಕೂ ಎಲ್ಪಿಗಳು. ಬೇಕಾದ ಹಾಡುಗಳ ಪಟ್ಟಿ ಬರೆದು ಖಾಲಿ ಕ್ಯಾಸೆಟ್ ಕೊಟ್ಟರೆ ಎರಡು ದಿನದಲ್ಲಿ ತುಂಬಿಸಿ ಕೊಡುತ್ತಿದ್ದರು. ನಾನು ಒಂದು ಅರವತ್ತು ನಿಮಿಷದ ಕ್ಯಾಸೆಟ್ ಕೊಟ್ಟು, ಪೂರ್ತಿ ಕದ್ರಿಯವರದ್ದೇ ಬೇಕು ಅಂದಿದ್ದೆ. ವಾಪಸ್ ಕೊಡುವಾಗ ಅಂಗಡಿಯ ಅಣ್ಣ ಹೇಳಿದರು: "ಎರಡನೇ ಕಡೆ ಕೊನೆಯಲ್ಲಿ ಆರು ನಿಮಿಷ ಟೇಪು ಉಳಿದಿತ್ತು ತಮ್ಮಾ. ಖಾಲಿ ಯಾಕೆ ಬಿಡೋದು ಅಂತ ಒಂದು ಹಾಕಿದ್ದೀನಿ. ಅವನೂ ನಿನ್ನ ವಾದ್ಯಾನೇ ನುಡಿಸ್ತಾನೆ, ಕೇಳು."

ಅದು 'ಟೇಕ್ ಫೈವ್'. ಅಮೆರಿಕದ ಪಿಯಾನೋ ವಾದಕ ಡೇವ್ ಬ್ರೂಬೆಕ್ ತಂಡದ್ದು, 1959ರ 'ಟೈಮ್ ಔಟ್' ಎಂಬ ಎಲ್ಪಿಯಿಂದ. ಆಲ್ಟೋ ನುಡಿಸಿದ್ದು ಪಾಲ್ ಡೆಸ್ಮಂಡ್, ಆ ಸಂಗೀತ ಕಟ್ಟಿದ್ದೂ ಅವರೇ. ಈ ಹೆಸರುಗಳೆಲ್ಲ ನನಗೆ ಗೊತ್ತಾಗಿದ್ದು ತುಂಬಾ ತಡವಾಗಿ. ಆವತ್ತು ಗೊತ್ತಾಗಿದ್ದು ಇಷ್ಟೇ: ಇದು ನನ್ನದೇ ವಾದ್ಯ, ಆದರೆ ಉಸಿರು ಬೇರೆ. ನಾವು ಕಲ್ಯಾಣಮಂಟಪದಲ್ಲಿ ಐನೂರು ಜನರ ಗಲಾಟೆ ದಾಟಿ ಕೇಳಿಸುವ ಹಾಗೆ ಊದುವವರು. ಈ ಮನುಷ್ಯ ಪಕ್ಕದಲ್ಲಿ ಕೂತವರ ಹತ್ತಿರ ಮಾತಾಡುವ ಹಾಗೆ ಊದುತ್ತಿದ್ದ. ಸ್ಯಾಕ್ಸಫೋನಿನಲ್ಲಿ ಅಷ್ಟು ಮೆಲ್ಲಗೆ ನುಡಿಸಬಹುದು ಅನ್ನುವುದೇ ನನಗೆ ಹೊಸದು.

ಅಪ್ಪ ಜಗಲಿಯಲ್ಲಿ ಕೂತು ಕೇಳುತ್ತಿದ್ದವರು ತೊಡೆಯ ಮೇಲೆ ತಾಳ ಹಾಕತೊಡಗಿದರು. ಎರಡು ಸಲ ತಪ್ಪಿದರು. ಮೂರನೇ ಸಲ ಹಿಡಿದರು. "ಖಂಡ ಚಾಪು ಕಣೋ ಇದು. ಆದರೆ ತಿರುಗಿಸಿ ಹಾಕಿದ್ದಾರೆ. ತಕ ತಕಿಟ ಅಲ್ಲ, ತಕಿಟ ತಕ." ಸರಿಯಾಗಿಯೇ ಹೇಳಿದ್ದರು. ನಮ್ಮ ಖಂಡ ಚಾಪುವಿನಲ್ಲಿ ಎರಡು ಮೊದಲು, ಮೂರು ಆಮೇಲೆ. ಇವರದ್ದು ಮೂರು ಮೊದಲು, ಎರಡು ಆಮೇಲೆ. ಒಟ್ಟು ಐದೇ. ಅದೇ ಎಲ್ಪಿಯಲ್ಲಿ ಒಂಬತ್ತರ ಲೆಕ್ಕದ್ದೂ ಒಂದಿದೆ. ಎರಡು, ಎರಡು, ಎರಡು, ಮೂರು ಅಂತ ನಡೆಯುತ್ತದೆ. ಬ್ರೂಬೆಕ್ ಆ ನಡೆಯನ್ನು ಟರ್ಕಿಯ ಬೀದಿಯ ವಾದ್ಯಗಾರರಿಂದ ಕೇಳಿ ಹಿಡಿದದ್ದು, 1958ರ ಪ್ರವಾಸದಲ್ಲಿ. ಅಮೆರಿಕ ಸರ್ಕಾರ ಕಳಿಸಿದ್ದ ಆ ಪ್ರವಾಸದಲ್ಲಿ ತಂಡ ನಮ್ಮ ದೇಶಕ್ಕೂ ಬಂದಿತ್ತು. ಇದು ತಿಳಿಯುವ ಹೊತ್ತಿಗೆ ಅಪ್ಪ ಇರಲಿಲ್ಲ. ಇದ್ದಿದ್ದರೆ ಆ ಒಂಬತ್ತಕ್ಕೂ ಅವರು ತಾಳ ಹಾಕುವುದನ್ನು ನೋಡಬೇಕಿತ್ತು ನನಗೆ.

ಆ ಅಂಗಡಿ ಮೊದಲು ಸಿಡಿ ಅಂಗಡಿಯಾಯಿತು. ಆಮೇಲೆ ಅರ್ಧ ಸಿಡಿ, ಅರ್ಧ ಮೊಬೈಲ್ ರೀಚಾರ್ಜ್. ಆಮೇಲೆ ಪೂರ್ತಿ ಮೊಬೈಲ್ ಕವರು, ಚಾರ್ಜರು. ನಾನು ದುಡ್ಡು ಕೂಡಿಸಿಕೊಂಡು ಆ 'ಟೈಮ್ ಔಟ್' ಎಲ್ಪಿ ಕೊಡ್ತೀರಾ ಅಂತ ಕೇಳಲು ಹೋದಾಗ ಅಣ್ಣ ತಲೆ ಕೆಳಗೆ ಹಾಕಿದರು. ಗೋಡೆಯಲ್ಲಿದ್ದ ಎಲ್ಪಿಗಳೆಲ್ಲ ಗುಜರಿಗೆ ಹೋಗಿದ್ದವು, ಕೆಜಿ ಲೆಕ್ಕದಲ್ಲಿ. "ಜಾಗ ಬೇಕಿತ್ತು ತಮ್ಮಾ" ಅಂದರು. ಅವರನ್ನು ನಾನು ದೂರುವುದಿಲ್ಲ. ಎರಡು ಹೆಣ್ಣುಮಕ್ಕಳ ಓದು ಆ ಹತ್ತಡಿ ಅಂಗಡಿಯ ಮೇಲೆ ನಿಂತಿತ್ತು.

ಅವತ್ತಿನಿಂದ ಗುಜರಿ ಅಂಗಡಿ ಕಂಡರೆ ನಿಲ್ಲುತ್ತೇನೆ. ಕೋಲಾರದಲ್ಲಿ ಸಿಕ್ಕಿದ್ದು ಕಡಿಮೆ. ಸಿಕ್ಕಿದ್ದು ಹೆಚ್ಚಾಗಿ ಕೆಜಿಎಫ್‌ನಲ್ಲೇ.

ಕಾರಣ ಸುಲಭ. ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಚಿನ್ನದ ಗಣಿ ನಡೆಸುತ್ತಿದ್ದ ಕಾಲದಿಂದಲೂ ಅಲ್ಲಿ ಇಂಗ್ಲಿಷರು, ಆಂಗ್ಲೋ ಇಂಡಿಯನ್ನರು ಇದ್ದರು. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದ ಊರದು. ಬಂಗಲೆ, ಚರ್ಚು, ಕ್ಲಬ್ಬು, ಕ್ಲಬ್ಬಿನಲ್ಲಿ ಡ್ಯಾನ್ಸು. ಡ್ಯಾನ್ಸು ಇದ್ದ ಕಡೆ ಪ್ಲೇಟು ಇರಲೇಬೇಕಲ್ವಾ? ಸ್ವಾತಂತ್ರ್ಯ ಬಂದ ಮೇಲೆ ಒಂದಷ್ಟು ಮನೆಯವರು ಇಂಗ್ಲೆಂಡು, ಆಸ್ಟ್ರೇಲಿಯಾ ಕಡೆ ಹೊರಟರು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಮೇಲೆ ಉಳಿದವರ ಮಕ್ಕಳೂ ಬೆಂಗಳೂರು, ಚೆನ್ನೈ ಅಂತ ಚದುರಿದರು. ಮನೆ ಖಾಲಿ ಮಾಡುವಾಗ ಬೀರು ಒಯ್ಯುತ್ತಾರೆ, ಮಂಚ ಒಯ್ಯುತ್ತಾರೆ. ಪ್ಲೇಟು ತೂಕ, ಒಡೆಯುವ ಸಾಮಾನು, ನುಡಿಸುವ ಪೆಟ್ಟಿಗೆ ಕೆಟ್ಟು ಎಷ್ಟೋ ವರ್ಷವಾಗಿರುತ್ತದೆ. ಅದು ಗುಜರಿಗೆ ಬರುತ್ತದೆ.

ಆಂಡರ್ಸನ್‌ಪೇಟೆಯ ಒಬ್ಬ ಭಾಯ್ ನನಗೆ ಫೋನ್ ಮಾಡುತ್ತಾರೆ. "ಅಣ್ಣಾ, ದೊರೆ ಪ್ಲೇಟು ಬಂದೈತೆ." ಅವರ ಅಂಗಡಿ ಮುಂದೆ ನಿಂತರೆ ದೂರದಲ್ಲಿ ಸೈನೈಡ್ ದಿಬ್ಬ, ಅಂದರೆ ಚಿನ್ನ ತೆಗೆದು ಸುರಿದ ಗಣಿಮಣ್ಣಿನ ಗುಡ್ಡ, ಕಾಣುತ್ತದೆ. ಗಾಳಿ ಬೀಸಿದರೆ ಅದರ ಧೂಳು ಪ್ಲೇಟಿನ ಗೆರೆಯೊಳಗೂ ಕೂರುತ್ತದೆ. ಒಂದು ಪೆಟ್ಟಿಗೆಯಲ್ಲಿ ಐವತ್ತು ಪ್ಲೇಟು ಇದ್ದರೆ ಮೂವತ್ತು ಜಿಮ್ ರೀವ್ಸ್, ಹತ್ತು ಕ್ಲಿಫ್ ರಿಚರ್ಡ್, ಉಳಿದದ್ದು ಕ್ರಿಸ್ಮಸ್ ಹಾಡು. ಅದರ ನಡುವೆ ಒಂದು ಜಾಝ್ ಸಿಗಬಹುದು, ಸಿಗದೆಯೂ ಇರಬಹುದು. ನಾನು ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ಕೂತು ಒಂದೊಂದೇ ಎತ್ತುತ್ತೇನೆ. ಬೆಳಕಿಗೆ ಓರೆಯಾಗಿ ಹಿಡಿದರೆ ಗೀರು ಕಾಣುತ್ತದೆ. ಗೆರೆ ಬೂದುಬಣ್ಣಕ್ಕೆ ತಿರುಗಿದ್ದರೆ ಅದನ್ನು ಸವೆದ ಮುಳ್ಳಿನಲ್ಲಿ ನುಡಿಸಿದ್ದಾರೆ ಅಂತ ಅರ್ಥ. ಅಂಥದ್ದು ಎಷ್ಟು ತೊಳೆದರೂ ಸರಿಹೋಗುವುದಿಲ್ಲ.

ಹಾಗೆ ಹುಡುಕುವಾಗ ಒಮ್ಮೆ ಟೆಡ್ಡಿ ವೆದರ್‌ಫೋರ್ಡ್ ಅವರ ಅರಗಿನ ಪ್ಲೇಟು ಸಿಕ್ಕಿತು. ಅಮೆರಿಕದ ಕಪ್ಪು ಜನಾಂಗದ ಪಿಯಾನೋ ವಾದಕ. ಷಿಕಾಗೋದಲ್ಲಿ ಜಾಝ್‌ನ ದೊಡ್ಡ ಹೆಸರು ಲೂಯಿ ಆರ್ಮ್‌ಸ್ಟ್ರಾಂಗ್ ಜೊತೆ ಒಂದೇ ವಾದ್ಯವೃಂದದಲ್ಲಿ ನುಡಿಸಿದವರು. ಆಮೇಲೆ ಏಷ್ಯಾಕ್ಕೆ ಬಂದು, ಎರಡನೇ ಮಹಾಯುದ್ಧದ ಕಾಲದಲ್ಲಿ ಕಲ್ಕತ್ತಾದ ಗ್ರ್ಯಾಂಡ್ ಹೋಟೆಲಿನಲ್ಲಿ ತಂಡ ಕಟ್ಟಿ, ಅಲ್ಲೇ ಪ್ಲೇಟುಗಳನ್ನೂ ಮಾಡಿ, 1945ರಲ್ಲಿ ಅಲ್ಲೇ ಕಾಲರಾದಿಂದ ತೀರಿಕೊಂಡರು. ಕಲ್ಕತ್ತಾದಲ್ಲಿ ನುಡಿಸಿದ್ದು ಕೋಲಾರ ಜಿಲ್ಲೆಯ ಗುಜರಿಯಲ್ಲಿ ನನ್ನ ಕೈಗೆ ಬಂದಿತ್ತು.

ಅದನ್ನು ನಾನೇ ಹಾಳುಮಾಡಿದೆ. ಧೂಳು ಬಿಡಲಿ ಅಂತ ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿದೆ. ಎಲ್ಪಿಗೆ ಅಷ್ಟು ಮಾಡಿದರೆ ಏನೂ ಆಗುವುದಿಲ್ಲ. ಆದರೆ 78ರ ಪ್ಲೇಟು, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟು, ಅರಗಿನದ್ದು. ಮರಗೆಲಸದವರು ಪಾಲಿಶ್ ಮಾಡಲು ಅರಗನ್ನು ಕರಗಿಸುವುದೇ ಸ್ಪಿರಿಟ್‌ನಲ್ಲಿ. ಕಪ್ಪಗೆ ಹೊಳೆಯುತ್ತಿದ್ದ ಮೈ ನೋಡನೋಡುತ್ತಲೇ ಮಂಕಾಯಿತು, ಹತ್ತಿ ಕಪ್ಪಾಯಿತು. ಈಗ ಹಾಕಿದರೆ ಮಳೆ ಸುರಿದ ಸದ್ದು, ಅದರ ಹಿಂದೆ ಎಲ್ಲೋ ಪಿಯಾನೋ. ಯಾರ ಹತ್ತಿರವಾದರೂ 78ರ ಪ್ಲೇಟು ಇದ್ದರೆ ದಯವಿಟ್ಟು ಕೇಳಿ: ಸ್ಪಿರಿಟ್ ಮುಟ್ಟಿಸಬೇಡಿ. ತಣ್ಣೀರಿಗೆ ಒಂದು ಹನಿ ಸೋಪು, ಮೆತ್ತನೆ ಬಟ್ಟೆ, ಲೇಬಲ್ ನೆನೆಯಬಾರದು, ಬೇಗ ಒಣಗಿಸಬೇಕು. ಅಷ್ಟು ಸಾಕು.

ಇನ್ನೊಂದು ಸಿಕ್ಕಿದ್ದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅಮೆರಿಕದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ'. ಇಂಗ್ಲೆಂಡಿನಲ್ಲಿ ತಯಾರಾದ ಹಳೆಯ ಪ್ರತಿ, ಕವರ್ ಗೆದ್ದಲು ತಿಂದಿತ್ತು, ಪ್ಲೇಟು ಚೆನ್ನಾಗಿತ್ತು. ಅದರಲ್ಲಿ ಆಲ್ಟೋ ಕ್ಯಾನನ್‌ಬಾಲ್ ಆ್ಯಡರ್ಲಿ ಅವರದು, ಅದಕ್ಕಿಂತ ದಪ್ಪ ದನಿಯ ಟೆನರ್ ಸ್ಯಾಕ್ಸಫೋನ್ ಜಾನ್ ಕೋಲ್ಟ್ರೇನ್ ಅವರದು. ಮೊದಲನೆಯದು 'ಸೋ ವಾಟ್'. ಕೇಳಿದ ತಕ್ಷಣ ಎದ್ದು ಕೂತೆ. ಸ್ವರಗಳೆಲ್ಲ ನಮ್ಮ ಖರಹರಪ್ರಿಯ ರಾಗದವು! ಗಮಕ ಇಲ್ಲ, ನಡೆ ಬೇರೆ, ರಾಗ ಅನ್ನಲಾಗುವುದಿಲ್ಲ. ಆದರೆ ಸ್ವರಗಳು ಅವೇ. ಹದಿನಾರು ಬಾರ್, ಅಂದರೆ ನಾಲ್ಕೆಣಿಕೆಯ ಹದಿನಾರು ಸುತ್ತು, ಅದರಲ್ಲೇ ಇರುತ್ತಾರೆ. ಆಮೇಲೆ ಇಡೀ ಷಡ್ಜವನ್ನೇ ಅರ್ಧ ಸ್ವರ ಮೇಲೆತ್ತಿ ಎಂಟು ಬಾರ್, ಮತ್ತೆ ಕೆಳಗಿಳಿಸಿ ಎಂಟು ಬಾರ್. ಶ್ರುತಿಪೆಟ್ಟಿಗೆ ಇಟ್ಟುಕೊಂಡು ಬೆಳೆದವನಿಗೆ ಷಡ್ಜ ಜರುಗುವುದು ನೆಲ ಜರುಗಿದ ಹಾಗೆ.

ಜೊತೆಗೆ ನುಡಿಸಿ ಕಲಿಯೋಣ ಅಂತ ವಾದ್ಯ ಎತ್ತಿಕೊಂಡೆ. ಶ್ರುತಿ ಸೇರಲಿಲ್ಲ. ಪ್ಲೇಟು ಸ್ವಲ್ಪ ಮೇಲೆ, ನಾನು ಕೆಳಗೆ. ಮೌತ್‌ಪೀಸ್ ಒಳಗೆ ತಳ್ಳಿದರೂ ಸಾಲದು. ಪ್ಲೇಯರ್ ಬೇಗ ತಿರುಗುತ್ತಿದೆ ಅಂದುಕೊಂಡೆ. ಒಂದು ಚೂರು ಬಿಳಿ ಕಾಗದ ಅಂಟಿಸಿ, ಗಡಿಯಾರ ಇಟ್ಟುಕೊಂಡು ಸುತ್ತು ಎಣಿಸಿದೆ. ಎಲ್ಪಿ ಮೂರು ನಿಮಿಷಕ್ಕೆ ಸರಿಯಾಗಿ 100 ಸುತ್ತು ತಿರುಗಬೇಕು. ಸರಿಯಾಗಿ 100 ಬಂತು. ಪ್ಲೇಟು ತಿರುಗಿಸಿ ಎರಡನೇ ಕಡೆ ಹಾಕಿದರೆ ಶ್ರುತಿ ಸರಿಯಾಗಿ ಸೇರಿತು! ಒಂದೇ ಪ್ಲೇಟು, ಒಂದು ಕಡೆ ಮೇಲೆ, ಇನ್ನೊಂದು ಕಡೆ ಸರಿ. ನನ್ನ ಕಿವಿಗೇ ಏನೋ ಆಗಿದೆ ಅಂತ ಒಂದು ವಾರ ಒದ್ದಾಡಿದೆ. ಕೊನೆಗೆ ಫೋನಿನಲ್ಲಿ ಅದೇ 'ಸೋ ವಾಟ್' ಹಾಕಿ ನೋಡಿದೆ. ಅದು ಸರಿಯಾಗಿ ಸೇರಿತು.

ಆಮೇಲೆ ಓದಿ ತಿಳಿದದ್ದು. ಆ ಎಲ್ಪಿಯನ್ನು 1959ರಲ್ಲಿ ನ್ಯೂಯಾರ್ಕಿನಲ್ಲಿ ಎರಡು ದಿನ ಧ್ವನಿಮುದ್ರಣ ಮಾಡಿದರು, ಮಾರ್ಚ್ 2 ಮತ್ತು ಏಪ್ರಿಲ್ 22. ಮೊದಲ ದಿನ ಮುಖ್ಯ ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡುತ್ತಿತ್ತು. ಅದನ್ನು ಸರಿಯಾದ ವೇಗದಲ್ಲಿ ಹಾಕಿದಾಗ ಶ್ರುತಿ ಏರಿತು. ಆ ದಿನದ ಮೂರೂ ಮೊದಲನೇ ಕಡೆಯಲ್ಲಿವೆ. 1992ರಲ್ಲಿ, ಅವತ್ತು ಪಕ್ಕದಲ್ಲಿ ಓಡುತ್ತಿದ್ದ ಇನ್ನೊಂದು ಯಂತ್ರದ ಟೇಪಿನಿಂದ ಅದನ್ನು ಸರಿಪಡಿಸಿದರು. ಮೂವತ್ತು ವರ್ಷಕ್ಕಿಂತ ಜಾಸ್ತಿ ಕಾಲ ಲೋಕವೆಲ್ಲ ಅದನ್ನು ಏರಿದ ಶ್ರುತಿಯಲ್ಲೇ ಕೇಳಿದೆ. ಕೆಜಿಎಫ್‌ನ ಆ ಮನೆಯವರೂ ಹಾಗೆಯೇ ಕೇಳಿದ್ದಾರೆ. ಪ್ಲೇಟು ಕೈಗೆ ಬರದಿದ್ದರೆ ನನಗೆ ಇದು ಗೊತ್ತಾಗುತ್ತಲೇ ಇರಲಿಲ್ಲ. ನಾನೀಗ ಮೊದಲನೇ ಕಡೆಗೆ ವೇಗದ ಗುಂಡಿ ಸ್ವಲ್ಪ ಇಳಿಸಿ ಜೊತೆಗೆ ನುಡಿಸುತ್ತೇನೆ. ಸುಮ್ನೆ ಕೇಳುವಾಗ ಮಾತ್ರ ಅವರು ಕೇಳಿದ ಹಾಗೆಯೇ ಕೇಳುತ್ತೇನೆ.

ದೊಡ್ಡ ಊರಿನಲ್ಲೂ ಅಂಗಡಿ ಉಳಿದಿಲ್ಲ. ಒಂದು ಮದುವೆಗೆ ಮುಂಬೈಗೆ ಹೋದಾಗ ಕಾಲಾ ಘೋಡಾದ ರಿದಮ್ ಹೌಸ್ ಎಂಬ ಸಂಗೀತದ ಅಂಗಡಿಯಲ್ಲಿ ಎರಡು ಗಂಟೆ ಕಳೆದಿದ್ದೆ. 2016ರಲ್ಲಿ ಅದೂ ಮುಚ್ಚಿತು. ಬೆಂಗಳೂರಿನ ಸಂಡೇ ಬಜಾರ್‌ನಲ್ಲಿ 'ಟೈಮ್ ಔಟ್' ಕೊನೆಗೂ ಸಿಕ್ಕಿತು, ಗೀರುಗಳ ಜೊತೆ. ಹೊಸ ಎಲ್ಪಿ ತರಿಸಿಕೊಳ್ಳಬಹುದು, ಒಂದಕ್ಕೆ ಮೂರು ಸಾವಿರದ ಹತ್ತಿರ ಆಗುತ್ತದೆ. ದುಡ್ಡಿಗಿಂತ ದೊಡ್ಡ ಕಷ್ಟ ಬೇರೆ ಇದೆ. ತರಿಸಲು ಹೆಸರು ಗೊತ್ತಿರಬೇಕು. ಹದಿನಾರು ವರ್ಷದ ನನಗೆ ಡೆಸ್ಮಂಡ್ ಹೆಸರು ಎಲ್ಲಿ ಗೊತ್ತಿತ್ತು? ನನ್ನ ಹತ್ತಿರ ಕಲಿಯುವ ಹುಡುಗರು ಪೆನ್‌ಡ್ರೈವ್ ತರುತ್ತಾರೆ. ಅದು ತುಂಬುವುದೇ ಇಲ್ಲ. ಆದ್ದರಿಂದ ಕೊನೆಯಲ್ಲಿ ಉಳಿಯುವ ಆರು ನಿಮಿಷವೂ ಇಲ್ಲ. ಪಾಠ ಮುಗಿದ ಮೇಲೆ ಅವರನ್ನು ಕೂರಿಸಿ ಒಂದು ಪ್ಲೇಟು ಹಾಕುತ್ತೇನೆ. ಕಾಫಿ ಕುಡಿದು ಕೇಳಿ ಹೋಗುತ್ತಾರೆ.

ಈ ಆಷಾಢಕ್ಕೆ ಹುಡುಕುತ್ತಿರುವುದು ಒಂದೇ ಒಂದು. 'ಜ್ಯೋತಿ', 1983. ಆಲ್ಟೋ ವಾದಕ ಚಾರ್ಲಿ ಮರಿಯಾನೋ ಬಾಸ್ಟನ್ನಿನವರು, ದಕ್ಷಿಣ ಭಾರತಕ್ಕೆ ಬಂದು ನಾಗಸ್ವರ ಕಲಿತವರು. ನನ್ನ ವಾದ್ಯದವರು ನಮ್ಮಪ್ಪನ ವಾದ್ಯ ಹುಡುಕಿಕೊಂಡು ಬಂದರು. ಅವರು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಮಾಡಿದ ಎಲ್ಪಿ ಅದು. ಆರ್.ಎ. ರಮಾಮಣಿಯವರ ಹಾಡುಗಾರಿಕೆ, ಟಿ.ಎ.ಎಸ್. ಮಣಿಯವರ ಮೃದಂಗ, ಜೊತೆಗೆ ಘಟ, ಖಂಜಿರ, ಬಾಯಲ್ಲಿ ಲಯದ ಸೊಲ್ಲು ಹೇಳುವ ಕೊನ್ನಕ್ಕೋಲು. ಹೊರತಂದದ್ದು ಜರ್ಮನಿಯ ಇಸಿಎಂ ಎಂಬ ರೆಕಾರ್ಡ್ ಕಂಪನಿ. ಫೋನಿನಲ್ಲಿ ಕೇಳಿದ್ದೇನೆ. ಪ್ಲೇಟು ನೋಡಿಲ್ಲ. ಇಷ್ಟು ಹತ್ತಿರದವರು ನುಡಿಸಿದ್ದು ಕೋಲಾರ, ಬಂಗಾರಪೇಟೆ, ಚಿಂತಾಮಣಿ ಕಡೆ ಯಾರದಾದರೂ ಅಟ್ಟದ ಮೇಲೆ ಇರಬಹುದು ಅಂತ ನನ್ನ ಆಸೆ.

ನಿಮ್ಮ ಮನೆಯಲ್ಲಿದ್ದರೆ ಮಾರಬೇಕಾಗಿಲ್ಲ. ಒಮ್ಮೆ ಕೇಳಿಸಿ, ಸಾಕು. ಪ್ಲೇಯರ್ ನಾನೇ ಹೊತ್ತು ತರುತ್ತೇನೆ, ಹೊಸ ಮುಳ್ಳು ಹಾಕಿಸಿದ್ದೇನೆ. ಶ್ರಾವಣದ ಮೊದಲ ಮುಹೂರ್ತದವರೆಗೆ ಬಿಡುವಾಗಿದ್ದೇನೆ.