ತಂಗಡಿ ಬೇಲಿ: ಹದಿನಾರನೇ ತಿಂಗಳಿಗೆ ಮೊದಲ ಹೂ

ನಿನ್ನೆ ಬೆಳಿಗ್ಗೆ ಗೇಟು ತೆಗೆಯುವಾಗಲೇ ಹಳದಿ ಕಂಡಿತು. ಚಪ್ಪಲಿ ಬಿಟ್ಟು ಹಾಗೇ ಓಡಿದೆ. ಒಂದೇ ಗೊಂಚಲು, ಅರಳಿದ್ದು ನಾಲ್ಕು ಹೂ. ಹೋದ ವರ್ಷ ಮೇ ಕೊನೆಯಲ್ಲಿ ಹಾಕಿದ ಬೀಜ ಇದು.

ಗದಗ ಊರಾಚೆ ನಮ್ಮದು ಸಣ್ಣ ಜಾಗ, ಕೆಂಪು ಮಸಾರಿ ಮಣ್ಣು. ಪಡುವಣ ಬದಿಗೆ 40 ಅಡಿ ಹಸಿರು ಬೇಲಿ ಬೇಕಿತ್ತು. ನೀರು ಕಡಿಮೆ, ಆಡುಗಳ ಕಾಟ ಜಾಸ್ತಿ. ತಂಗಡಿಯನ್ನು ಆಡು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಆವರಿಕೆ ಅಂದರೂ ಇದೇ ಗಿಡ. ಇದರ ತೊಗಟೆಯಲ್ಲಿ ಚರ್ಮ ಹದ ಮಾಡುವ ಒಗರು ಇದೆ. ಅದಕ್ಕಾಗಿಯೇ ಹಿಂದೆ ತೊಗಟೆ ಸುಲಿದು ಮಾರುತ್ತಿದ್ದರು. ತೆಲಂಗಾಣದಲ್ಲಿ ಇದು ರಾಜ್ಯದ ಹೂವು, ಬತುಕಮ್ಮ ಹಬ್ಬಕ್ಕೆ ಬೇಕೇ ಬೇಕು. ನಮ್ಮಲ್ಲಿ ಡಂಬಳದ ದಾರಿಯ ಬದಿಗೆ ಇದು ಸುಮ್ನೆ ಅರಳಿ ಉದುರುತ್ತದೆ. ನನಗೆ ಅದು ಬೇಸರದ ವಿಷಯ.

ಬೀಜ ಅಲ್ಲಿಂದಲೇ ತಂದೆ. ಕಾಯಿ ಕಾಗದದಷ್ಟು ತೆಳು, ಬೀಜ ಮಾತ್ರ ಕಲ್ಲು. ಮೂರು ಪಾಲು ಮಾಡಿದೆ, ಪಾಲಿಗೆ 20. ಹಾಗೇ ಹಾಕಿದ್ದರಲ್ಲಿ ಮೂರು ವಾರಕ್ಕೆ 3 ಮೊಳೆತವು. ಕುದಿದ ನೀರನ್ನು ಒಲೆಯಿಂದ ಇಳಿಸಿ, ಅದರಲ್ಲಿ ರಾತ್ರಿಯಿಡೀ ಬಿಟ್ಟಿದ್ದರಲ್ಲಿ 11. ಪಾಲಿಶ್ ಪೇಪರಿನ ಮೇಲೆ ತಿಕ್ಕಿ, ಆಮೇಲೆ ನೆನೆಸಿದ್ದರಲ್ಲಿ 16. ಸಿಪ್ಪೆ ಸವೆಯದಿದ್ದರೆ ನೀರು ಒಳಗೆ ಸುಲಭವಾಗಿ ಇಳಿಯುವುದಿಲ್ಲ. ತಿಕ್ಕುವುದು ಬೇಸರದ ಕೆಲಸ, ಆದರೆ ಇನ್ನು ಮೇಲೆ ನಾನು ತಿಕ್ಕಿಯೇ ಹಾಕುವುದು.

ಆ 30 ಸಸಿಗಳಲ್ಲಿ 9 ನನ್ನ ಕೈಯಿಂದಲೇ ಹೋದವು. ಎಳೆಯವು, ಬಾಡಬಾರದು ಅಂತ ದಿನಕ್ಕೆರಡು ಸಲ ನೀರು ಹಾಕಿದೆ. ಮಣ್ಣಿಗೆ ತಾಗುವಲ್ಲಿ ಕಾಂಡ ಕಪ್ಪಾಗಿ ಬಾಗಿ ಬಿದ್ದವು. ಆಮೇಲೆ ಅರ್ಧ ಉಸುಕು ಬೆರೆಸಿ, ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಕೊಟ್ಟೆ. ಮತ್ತೆ ಒಂದೂ ಸಾಯಲಿಲ್ಲ.

ಉಳಿದ 21ನ್ನು ಎರಡಡಿಗೊಂದರಂತೆ ನೆಟ್ಟೆ. ಸಸಿ ಬೆಳೆಸಿದ್ದ ಚೀಲ ಕತ್ತರಿಸಿದಾಗ ತಾಯಿಬೇರು ತಳ ಮುಟ್ಟಿ ಸುತ್ತಿಕೊಂಡಿತ್ತು. ತಡ ಮಾಡಿದ್ದೆ. ತೆಂಕಣ ತುದಿಯಲ್ಲಿ ಹಿಂದೆ ಯಾರೋ ಕಪ್ಪು ಎರೆ ಮಣ್ಣು ತಂದು ಸುರಿದಿದ್ದಾರೆ, ಮಳೆ ನೀರು ಅಲ್ಲಿ ನಿಲ್ಲುತ್ತದೆ. ಅಲ್ಲಿನ ನಾಲ್ಕೂ ಹಳದಿಯಾಗಿ ಹೋದವು. ಈಗ 17 ಇವೆ, ಎತ್ತರ ನನ್ನ ಎದೆಯವರೆಗೆ.

ಈ ಜುಲೈನಲ್ಲಿ ಮೂರು ಗಿಡ ಬೋಳಾದವು. ತಿಳಿ ಹಸಿರು ಬಿಳುಪಿನ ಚಿಟ್ಟೆಗಳು ಮೊಟ್ಟೆ ಇಟ್ಟಿದ್ದವು, ಹುಳು ಎಲೆಯ ಬಣ್ಣದ್ದೇ. ಪಕ್ಕದ ಹೊಲದ ಕಾಕಾ, “ಎಣ್ಣಿ ಹೊಡಿ ತಮ್ಮಾ, ಇಲ್ಲಾಂದ್ರ ಗಿಡಾ ಉಳಿಯೂದಿಲ್ಲ” ಅಂದರು. ಕೀಟನಾಶಕ ಹೊಡೆಯಲು ಮನಸ್ಸು ಬರಲಿಲ್ಲ. ಆ ಚಿಟ್ಟೆಗೂ ಮರಿ ಬೆಳೆಸಲು ಇಂಥ ಗಿಡವೇ ಬೇಕು ಅಲ್ವಾ? ಮೂರು ವಾರದಲ್ಲಿ ಹೊಸ ಎಲೆ ಬಂತು. ಕಾಕಾ ಬಂದು ಮುಟ್ಟಿ ನೋಡಿ ಹೋದರು.

ಇವತ್ತು ಎಂಟು ಗಂಟೆಗೆ ದೊಡ್ಡ ಕರಿ ದುಂಬಿಯೊಂದು ಬಂತು. ತಂಗಡಿ ಹೂವಿನಲ್ಲಿ ಮಕರಂದ ಇಲ್ಲ, ಪರಾಗ ಮಾತ್ರ. ಅದೂ ಕೇಸರದ ತುದಿಯ ಸಣ್ಣ ತೂತಿನೊಳಗೆ. ದುಂಬಿ ಹೂವನ್ನು ತಬ್ಬಿ ಜೋರಾಗಿ ಗುಂಯ್‌ಗುಟ್ಟಿತು, ಹೂವು ನಡುಗಿ ಪುಡಿ ಉದುರಿತು. ಹಾರುವಾಗಿನ ಸದ್ದಿಗಿಂತ ಅದು ಬೇರೆ, ಇನ್ನೂ ಚೂಪು. ಹತ್ತು ನಿಮಿಷ ಅಲ್ಲೇ ಕೂತು ಕೇಳಿದೆ.

ಮುಂದಿನ ಕೆಲಸ ತೆಂಕಣ ತುದಿಯ ಎಂಟಡಿ. ಎರಡು ಬಂಡಿ ಗರಸು, ಅಂದರೆ ಕಲ್ಲುಮಣ್ಣು, ಹಾಕಿ ಏರಿಸಬೇಕು. ಈ ಸಲ ಚೀಲ ಬೇಡ, ರೋಹಿಣಿ ಮಳೆಗೆ ಬೀಜವನ್ನೇ ನೆಲಕ್ಕೆ ಊರುತ್ತೇನೆ. ಈ ನಾಲ್ಕು ಹೂವಲ್ಲಿ ಕಾಯಿ ಕಟ್ಟಿದರೆ ನಮ್ಮ ಗಿಡದ ಬೀಜವೇ ಸಾಕಾಗುತ್ತದೆ.