ಎಂಬಸಿ ಗ್ರಾಂಟಿಗೆ ಅರ್ಜಿ ಹಾಕುವ ಮುಂಚೆ ಕಪಾಟು ತೆಗೆದು ನೋಡಿ

"ಎಂಬಸಿಯವರು ರೊಕ್ಕ ಕೊಡ್ತಾರಂತಲ್ರೀ, ನಮಗೂ ಸಿಗ್ತದೇನು?" ಕಲಬುರಗಿ ಕಡೆಯ ಸಣ್ಣ ಸಣ್ಣ ಸಂಘದವರು ಈಗೀಗ ಇದನ್ನೇ ಕೇಳುತ್ತಾರೆ. ಸಿಗುತ್ತದೆ. ಆದರೆ ಒಳ್ಳೆ ಇಂಗ್ಲಿಷಿನಲ್ಲಿ ಅರ್ಜಿ ಬರೆಸಿದರೆ ಸಾಕು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅರ್ಜಿ ಆಮೇಲಿನ ಮಾತು. ನಿಮ್ಮ ಸಂಘದ ಕಪಾಟಿನಲ್ಲಿ ಏನೇನು ಕಾಗದ ಇದೆ ಅನ್ನೋದು ಮೊದಲು.

ಯಾರು ಏನಕ್ಕೆ ಕೊಡುತ್ತಾರೆ ಅಂತ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಮೆರಿಕದವರದು ರಾಯಭಾರಿಗಳ ಸಂಸ್ಕೃತಿ ಸಂರಕ್ಷಣಾ ನಿಧಿ, 2001ರಲ್ಲಿ ಶುರುವಾದದ್ದು. ಹಳೆ ಕಟ್ಟಡ, ಹಸ್ತಪ್ರತಿ, ಹಾಡು, ಕುಣಿತ ಎಲ್ಲ ಅದರೊಳಗೆ ಬರುತ್ತದೆ. ಹೈದರಾಬಾದಿನ ಕುತುಬ್ ಶಾಹಿ ಗೋರಿಗಳ ದುರಸ್ತಿಗೆ ಇದರ ಹಣ ಬಂದಿದೆ. ಜರ್ಮನಿಯವರಿಗೆ 1981ರಿಂದ ಇಂಥದ್ದೇ ಒಂದು ಯೋಜನೆ ಇದೆ. ಜಪಾನಿನವರು ಶಾಲೆ ಕೋಣೆ, ಆಸ್ಪತ್ರೆ ಸಾಮಾನು, ಕುಡಿಯುವ ನೀರು ಇಂಥವಕ್ಕೆ ಕೊಡುತ್ತಾರೆ, ಸಂಬಳ ಬಾಡಿಗೆಗೆ ಕೊಡುವುದಿಲ್ಲ. ವರ್ಷ ವರ್ಷ ವಿಷಯ, ತಾರೀಖು ಬದಲಾಗುತ್ತದೆ, ಹಾಗಾಗಿ ಆ ವರ್ಷದ ಪ್ರಕಟಣೆಯನ್ನೇ ಓದಬೇಕು.

ಇನ್ನೊಂದು ಮಾತು. ನಮ್ಮ ಬೀದರ್‌ನವರು ಆಸ್ಪತ್ರೆಗೂ ಮದುವೆ ಬಟ್ಟೆಗೂ ಹೈದರಾಬಾದಿಗೇ ಹೋಗುವವರು, ಅಮೆರಿಕದ ಕಾನ್ಸುಲೇಟೂ ಅಲ್ಲಿದೆ. ಆದರೆ ಅವರ ಲೆಕ್ಕದಲ್ಲಿ ಕರ್ನಾಟಕ ಬರುವುದು ಚೆನ್ನೈ ಕಚೇರಿಗೆ. ಪತ್ರ ಅಲ್ಲಿಗೇ ಹೋಗಬೇಕು.

ಈಗ ನಿಜವಾದ ತೊಡಕು, ಎಫ್‌ಸಿಆರ್‌ಎ, ಅಂದರೆ ವಿದೇಶಿ ಹಣ ತಗೊಳ್ಳುವುದರ ಮೇಲಿನ ಕೇಂದ್ರದ ಕಾಯ್ದೆ. 2010ರ ಕಾಯ್ದೆ ಪ್ರಕಾರ ಬೇರೆ ದೇಶದ ಸರ್ಕಾರದ ಹಣ ವಿದೇಶಿ ಹಣವೇ. ದೆಹಲಿಯಲ್ಲಿರುವ ಎಂಬಸಿ ರೂಪಾಯಿಯಲ್ಲೇ ಕೊಟ್ಟರೂ ಅಷ್ಟೇ. (ಯುನೆಸ್ಕೊದಂಥ ವಿಶ್ವಸಂಸ್ಥೆಯ ಅಂಗಗಳಿಗೆ ಈ ಲೆಕ್ಕ ಇಲ್ಲ.) ಅದನ್ನು ತಗೊಳ್ಳಲು ಈ ಕಾಯ್ದೆಯಡಿ ನೋಂದಣಿ ಬೇಕು. ಅದಕ್ಕೆ ಸಂಘಕ್ಕೆ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿ ಕೆಲಸಕ್ಕೆ ಖರ್ಚಾಗಿರಬೇಕು. ಚಂದಾ ಎತ್ತಿ ವರ್ಷಕ್ಕೊಂದು ಕಾರ್ಯಕ್ರಮ ಮಾಡುವ ನಮ್ಮ ಸಂಘಗಳು ಎಲ್ಲಿಂದ ತರಬೇಕು ಆ 15 ಲಕ್ಷ? ಇಲ್ಲಿಗೇ ಬಹಳ ಜನ ಕೈಬಿಡುತ್ತಾರೆ. ಬಿಡಬೇಡಿ. ಪೂರ್ವಾನುಮತಿ ಅಂತ ಇನ್ನೊಂದು ದಾರಿ ಇದೆ. ಇಂಥವರಿಂದ, ಇಂಥ ಕೆಲಸಕ್ಕೆ, ಇಷ್ಟು ಹಣ ಅಂತ ಕೊಡುವವರ ಪತ್ರ ಇಟ್ಟು ಕೇಂದ್ರ ಗೃಹ ಇಲಾಖೆಗೆ ಅರ್ಜಿ ಹಾಕುವುದು. ಹೊಸ ಸಂಘವೂ ಹಾಕಬಹುದು. ತಿಂಗಳುಗಟ್ಟಲೆ ಹಿಡಿಯುತ್ತದೆ, ಅದಕ್ಕೇ ಎಂಬಸಿಯವರ ಹತ್ತಿರ ಮೊದಲೇ ಹೇಳಿಕೊಂಡಿರಬೇಕು. ನೀತಿ ಆಯೋಗದ ದರ್ಪಣ್ ಜಾಲತಾಣದಲ್ಲಿ ಸಂಘದ ಹೆಸರು ಬರೆಸಿದರೆ ಸಿಗುವ ನಂಬರು, ಪದಾಧಿಕಾರಿಗಳ ಆಧಾರ್ ಬೇಕು. ಖಾತೆ ಎಸ್‌ಬಿಐನ ದೆಹಲಿ ಮುಖ್ಯ ಶಾಖೆಯಲ್ಲೇ ಆಗಬೇಕು, ಆದರೆ ಅದನ್ನು ನಮ್ಮೂರಿನ ಎಸ್‌ಬಿಐ ಮೂಲಕವೇ ತೆರೆಯಬಹುದು.

"ಬೆಂಗಳೂರಿನ ದೊಡ್ಡ ಸಂಸ್ಥೆಗೆ ಬರಲಿ, ಅವರು ನಮಗೆ ದಾಟಿಸಲಿ" ಅನ್ನುವ ದಾರಿ 2020ರ ತಿದ್ದುಪಡಿಯಲ್ಲಿ ಮುಚ್ಚಿಹೋಗಿದೆ. ಅವರೇ ಕೆಲಸ ನಡೆಸಬೇಕು. ಆಡಳಿತದ ಖರ್ಚೂ ಶೇ. 20 ದಾಟುವಂತಿಲ್ಲ. ಸಣ್ಣ ಊರಿನ ಸಂಘಗಳಿಗೆ ಇದರಿಂದ ಅನ್ಯಾಯವೇ ಆಗಿದೆ ಅನ್ನುವುದು ನನ್ನ ಅಭಿಪ್ರಾಯ.

ಯಾವ ಕೆಲಸ ಆರಿಸಬೇಕು? ಬೀದರ್‌ನಲ್ಲಿ ಎಲ್ಲರ ಕಣ್ಣು 1472ರ ಗವಾನ್ ಮದರಸಾ ಮೇಲೆ. ಅದು ಕೇಂದ್ರ ಪುರಾತತ್ವ ಇಲಾಖೆಯದ್ದು. ಅವರನ್ನು ಬಿಟ್ಟು ಒಂದು ಕಲ್ಲೂ ಮುಟ್ಟುವಂತಿಲ್ಲ, ಸುತ್ತ 100 ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟುವಂತಿಲ್ಲ. ಕಟ್ಟಡ ಮುಟ್ಟದ ಕೆಲಸ ಹಿಡಿಯಿರಿ. ಸುರಪುರದ ಹಳೆ ಚಿತ್ರಗಳು ಮನೆಗಳಲ್ಲಿದ್ದರೆ ಮನೆಯವರ ಒಪ್ಪಿಗೆ ತಗೊಂಡು ಫೋಟೊ ದಾಖಲೆ ಮಾಡಬಹುದು. ನನಗೆ ಎಲ್ಲಕ್ಕಿಂತ ಜಾಸ್ತಿ ಆಸೆ ಇರುವುದು ತತ್ವಪದದ ಮೇಲೆ. ಕಡಕೋಳ ಮಡಿವಾಳಪ್ಪನ ಪದಗಳು ಪುಸ್ತಕದಲ್ಲಿ ಸಿಗುತ್ತವೆ, ಆದರೆ ರಾತ್ರಿಯಿಡೀ ಭಜನೆಯಲ್ಲಿ ಕೂತು ಏಕತಾರಿ, ದಮ್ಮಡಿ ಹಿಡಿದು ಹಾಡುವ ಮಟ್ಟು ಪುಸ್ತಕದಲ್ಲಿ ಇಲ್ಲ. ಹಾಡುವವರಿಗೆ ವಯಸ್ಸಾಗುತ್ತಿದೆ.

ಆದರೆ ಅರ್ಜಿಯಲ್ಲಿ "ನಶಿಸುತ್ತಿರುವ ಕಲೆಯನ್ನು ಉಳಿಸುತ್ತೇವೆ" ಅಂತ ಸುಮ್ನೆ ಬರೆದರೆ ಯಾರೂ ಓದುವುದಿಲ್ಲ, ಅಲ್ವಾ? ಜೇವರ್ಗಿ ತಾಲೂಕಿನ ಯಾವ ಹಳ್ಳಿಗಳು, ಯಾರು ಹಾಡುತ್ತಾರೆ, ರೆಕಾರ್ಡ್ ಮಾಡಿದ್ದು ಎಲ್ಲಿರುತ್ತದೆ, ಹಾಡಿದವರ ಮನೆಗೆ ಒಂದು ಪ್ರತಿ ಹೋಗುತ್ತದಾ, ಇಷ್ಟು ಬರೆಯಿರಿ. ಬಜೆಟ್ಟಿನಲ್ಲಿ ಕ್ಯಾಮೆರಾಕ್ಕೆ ಮೈಕಿಗೆ ಲಕ್ಷಗಟ್ಟಲೆ ಬರೆದು ಹಾಡುವವರ ಸಾಲಿನಲ್ಲಿ ಶಾಲು ಹಾರ ಮಾತ್ರ ಬರೆಯುವುದನ್ನು ನೋಡಿದ್ದೇನೆ. ನೋಡಿ ಸಿಟ್ಟು ಬರುತ್ತದೆ. ಹೊಲದ ಕೂಲಿ ಬಿಟ್ಟು ಬಂದು ಕೂತ ಅಜ್ಜನಿಗೆ ಗೌರವಧನ ಮೊದಲ ಸಾಲಿನಲ್ಲೇ ಇರಲಿ. ಆಮೇಲೆ ಗಾಡಿ ಬಾಡಿಗೆ, ಊಟ, ಪದ ಬರೆದುಕೊಳ್ಳುವವರ ಕೂಲಿ. ಕ್ಯಾಮೆರಾ ಬಾಡಿಗೆಗೆ ಸಿಗುತ್ತದೆ.

ಕಲಬುರಗಿ, ಬೀದರ್, ಯಾದಗಿರಿ ಮೂರು ಜಿಲ್ಲೆಯ ಯಾವ ಸಂಘದವರೇ ಆಗಲಿ, ಬಜೆಟ್ ಹಾಳೆ ತಂದರೆ ಕೂತು ನೋಡೋಣ. ಮೂರು ವರ್ಷದ ಆಡಿಟ್ ರಿಪೋರ್ಟ್ (ಹೊಸ ಸಂಘವಾದರೆ ಇದ್ದಷ್ಟು) ಮಾತ್ರ ಮರೆಯದೆ ತನ್ನಿ.