ಪೊಪೊವಾ ಡಿಸೈನಿಗೆ ಅಕ್ಕನ ಚೆಕಿಂಗ್

ಗ್ರೀಸ್‌ನ ಸಮುದ್ರ, ಸೂರ್ಯಾಸ್ತ ಎಲ್ಲ ಚೆನ್ನಾಗಿತ್ತು, ಬಿಡಿ. ನಾನು ಹೇಳಬೇಕಾಗಿರುವುದು ಥೆಸಲೋನಿಕಿಯ ಒಂದು ಮಧ್ಯಾಹ್ನದ ಕಥೆ.

ಮೊದಲೇ ಒಂದು ಮಾತು. ಈ ಊರಲ್ಲಿ ಮೊಮಸ್ ಅನ್ನುವ ಹೆಸರಿನ ಮ್ಯೂಸಿಯಂ ಒಂದೇ ಅಲ್ಲ. ಬರೀ ಮೊಮಸ್ ಅಂದಿದ್ದಕ್ಕೆ ಟ್ಯಾಕ್ಸಿಯವನು ನಮ್ಮನ್ನು ಬಂದರಿನ ಹತ್ತಿರ ಇಳಿಸಿ, ದುಡ್ಡು ಎಣಿಸಿಕೊಂಡು ಹೊರಟೇಹೋದ. ರಷ್ಯನ್ ಚಿತ್ರಗಳು ಬೇಕಿದ್ದರೆ ‘ಮೋನಿ ಲಾಜರಿಸ್ತೋನ್’ ಅನ್ನಿ. ಅದು ಹಳೇ ಮಠದ ಕಟ್ಟಡ.

ಮಾಸ್ಕೋದಲ್ಲೇ ಹುಟ್ಟಿದ ಗ್ರೀಕ್ ಮನುಷ್ಯ ಜಾರ್ಜ್ ಕೊಸ್ತಾಕಿಸ್, ಈ ಚಿತ್ರಗಳು ಯಾರಿಗೂ ಬೇಡವಾಗಿದ್ದ ಕಾಲದಲ್ಲಿ ಕೂಡಿಟ್ಟಿದ್ದ. 2000ರಲ್ಲಿ ಗ್ರೀಸ್ ಸರ್ಕಾರ ಕೊಂಡಿತು. ರಷ್ಯನ್ ಕಲಾವಿದೆ ಲ್ಯುಬೊವ್ ಪೊಪೊವಾಳ ಒಂದು ಚಿತ್ರ ಅವನಿಗೆ ಸಿಕ್ಕಿದ್ದು ಕಿಟಕಿಗೆ ಹೊಡೆದ ಹಲಗೆಯಾಗಿ! ಬೇರೆ ಪ್ಲೈವುಡ್ ತಂದುಕೊಟ್ಟ ಮೇಲೆಯೇ ಮನೆಯವರು ಅದನ್ನು ಬಿಟ್ಟುಕೊಟ್ಟರಂತೆ.

1922ರಲ್ಲಿ ಈಕೆ ರಷ್ಯನ್ ನಾಟಕ ನಿರ್ದೇಶಕ ಮೇಯರ್‌ಹೋಲ್ಡ್‌ನ ನಾಟಕಕ್ಕೆ ರಂಗದ ಮೇಲೆ ಯಂತ್ರವನ್ನೇ ಕಟ್ಟಿದ್ದಳು. ಪಾತ್ರಗಳ ಸಿಟ್ಟು ಏರಿದರೆ ಚಕ್ರಗಳೂ ಜೋರಾಗಿ ತಿರುಗುತ್ತಿದ್ದವು. ನನಗೆ ಇದು ತುಂಬ ಇಷ್ಟ. ಅಕ್ಕನಿಗೆ ಆಕಳಿಕೆ.

ಆದರೆ ಪೊಪೊವಾಳ ಬಟ್ಟೆ ಡಿಸೈನುಗಳ ಮುಂದೆ ಅಕ್ಕ ನಿಂತೇಬಿಟ್ಟಳು. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಬಟ್ಟೆ ಚೆಕ್ ಮಾಡುತ್ತಲೇ ವಯಸ್ಸು ಕಳೆದವಳು ಅವಳು.

“ಬರೀ ಗೆರೆ, ಬರೀ ವೃತ್ತ. ಆದ್ರೆ ಈ ಅಂಚು ನೋಡೇ, ಆ ಅಂಚಿಗೆ ಸರಿಯಾಗಿ ಕೂರುತ್ತೆ. ಸುಮ್ನೆ ಗೀಚಿದ್ದಲ್ಲ ಇದು, ಪ್ರಿಂಟಿಗೆ ಅಂತಲೇ ಬಿಡಿಸಿದ್ದು.”

“ಅವಳು ಮಿಲ್ಲಿಗೇ ಸೇರಿದ್ದಳಕ್ಕ” ಅಂದೆ. ಪೊಪೊವಾ, ಇನ್ನೊಬ್ಬ ಕಲಾವಿದೆ ವರ್ವಾರಾ ಸ್ತೆಪಾನೋವಾ ಇಬ್ಬರೂ 1923ರ ಹೊತ್ತಿಗೆ ಮಾಸ್ಕೋದ ಮೊದಲ ಸರ್ಕಾರಿ ಬಟ್ಟೆ ಮುದ್ರಣ ಕಾರ್ಖಾನೆಯಲ್ಲಿದ್ದರು. ಬರೀ ಡಿಸೈನ್ ಬರೆದುಕೊಟ್ಟು ಕೂರುವುದಿಲ್ಲ, ಉತ್ಪಾದನೆಯ ತೀರ್ಮಾನದಲ್ಲಿ, ಬಣ್ಣದ ಲ್ಯಾಬಿನಲ್ಲಿ ನಮಗೂ ಜಾಗ ಬೇಕು ಅಂತ ಕಾರ್ಖಾನೆಗೆ ಬರೆದುಕೊಟ್ಟಿದ್ದರು.

ಅಕ್ಕ ಎಷ್ಟು ಜೋರಾಗಿ ನಕ್ಕಳೆಂದರೆ ಅಲ್ಲಿ ಕೂತಿದ್ದ ಕಾವಲಿನವರು ಎದ್ದು ನಿಂತರು. “ಡೈಯಿಂಗಿನವರು ಒಳಗೆ ಬಿಟ್ಟಿರಲ್ಲ ಬಿಡು! ಇವತ್ತಿಗೂ ಬಿಡಲ್ಲ. ಡಿಸೈನರ್ ಒಂದು ನೀಲಿ ಹೇಳ್ತಾಳೆ, ಅವರು ಇನ್ನೊಂದು ನೀಲಿ ಕಳಿಸ್ತಾರೆ. ಬೈಸಿಕೊಳ್ಳೋದು ನಾವು.” ಆಮೇಲೆ ಕೇಳಿದಳು, “ಬಟ್ಟೆ ಹೋಯ್ತಾ?”

ಹೋಯಿತು. ರೈತ ಹೆಂಗಸರು ತನ್ನ ಡಿಸೈನಿನ ಬಟ್ಟೆ ಕೊಳ್ಳುವುದನ್ನು ನೋಡಿ ಆದಷ್ಟು ಖುಷಿ ತನಗೆ ಯಾವ ಚಿತ್ರದಿಂದಲೂ ಆಗಿಲ್ಲ ಅಂದಿದ್ದಳಂತೆ ಪೊಪೊವಾ. ಅದನ್ನು ಜಾಸ್ತಿ ದಿನ ನೋಡಲಿಲ್ಲ. 1924ರಲ್ಲಿ ಮಗ ಸ್ಕಾರ್ಲೆಟ್ ಜ್ವರದಿಂದ ತೀರಿಕೊಂಡ, ಕೆಲವೇ ದಿನಕ್ಕೆ ಅದೇ ಜ್ವರಕ್ಕೆ ಅವಳೂ ಹೋದಳು. 35 ವರ್ಷ.

“ಅಯ್ಯೋ” ಅಂದಳು ಅಕ್ಕ. ಮತ್ತೆ ಆ ಅಂಚುಗಳನ್ನೇ ನೋಡುತ್ತ ನಿಂತಳು. ಹೊರಗೆ ಬಂದು ಕಾಫಿ ಕುಡಿಯುವಾಗ ಫೋನಿನಲ್ಲಿ ಒಂದು ಡಿಸೈನಿನ ಚಿತ್ರ ಹುಡುಕಿ ಫ್ಯಾಕ್ಟರಿಯ ಗೆಳತಿಯರಿಗೆ ಕಳಿಸಿದಳು. ಕಪ್ ಕೆಳಗಿಡುವಷ್ಟರಲ್ಲಿ ಉತ್ತರ ಬಂತು: “ಚೆನ್ನಾಗಿದೆ ಕಣೇ, ಮೀಟರಿಗೆ ಎಷ್ಟು?”